ಕಾಣದ ಕಣ್ಣುಗಳನ್ನೂ ಕೊಟ್ಟುಹೋದವರಿಗೆ

ಜೀನಿನ ತಪ್ಪಿನಿಂದ ಕಣ್ಣಿನ ಹಿಂಬದಿಯ ರೆಟಿನಾ ಪರದೆ ನಿಧಾನವಾಗಿ ಕೆಡುವ ರೆಟಿನೈಟಿಸ್ ಪಿಗ್ಮೆಂಟೋಸಾ, ಅಂದರೆ ಆರ್‌ಪಿ ಇರುವ ಕುಟುಂಬಗಳಿಗೆಂದು ಸಿದ್ಧಪಡಿಸುತ್ತಿದ್ದ ಕನ್ನಡ ಕೈಪಿಡಿ ಅಚ್ಚಿಗೆ ಹೋಯಿತು. ಅರ್ಪಣೆಯ ಪುಟದಲ್ಲಿ ಎರಡೇ ಸಾಲಿಗೆ ಜಾಗ. ಸಲ್ಲಬೇಕಾದ ಋಣ ಅದಕ್ಕಿಂತ ದೊಡ್ಡದು.

ಮೊದಲ ನಮಸ್ಕಾರ ಹೆಸರೇ ಗೊತ್ತಿಲ್ಲದವರಿಗೆ: ಆರ್‌ಪಿಯಿಂದ ದೃಷ್ಟಿ ಕಳೆದುಕೊಂಡು, ಸತ್ತ ಮೇಲೆ ಅದೇ ಕಣ್ಣನ್ನು ಸಂಶೋಧನೆಗೆ ಬಿಟ್ಟುಕೊಟ್ಟವರಿಗೆ. ತಪ್ಪು ಜೀನಿನದೇ ಸರಿ, ಆದರೆ ಮೈಯ ರಕ್ಷಣಾ ಕೋಶಗಳೂ ಅದರಲ್ಲಿ ಕೈಹಾಕುತ್ತವೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ದಾನಿಗಳ ರೆಟಿನಾ ಕೊಯ್ದು ನೋಡಿದರೆ, ಒಳಪದರಗಳಲ್ಲಿ ಕವಲು ಚಾಚಿಕೊಂಡು ಕಾವಲಿರಬೇಕಾದ ಮೈಕ್ರೋಗ್ಲಿಯಾ ಕೋಶಗಳು ಊದಿಕೊಂಡು ಮಂದ ಬೆಳಕಿನಲ್ಲಿ ಕಾಣಿಸುವ ರಾಡ್ ಕೋಶಗಳ ಪದರಕ್ಕೆ ನುಗ್ಗಿದ್ದವು. ಅವುಗಳ ಒಡಲಲ್ಲಿ ರೊಡಾಪ್ಸಿನ್ ಇತ್ತು. ಅದು ರಾಡ್ ಕೋಶದ ಪ್ರೋಟೀನು, ಹಾಗಾಗಿ ಏನನ್ನು ತಿಂದವು ಎಂದು ಕೇಳಬೇಕಿರಲಿಲ್ಲ.

ಸತ್ತ ರಾಡನ್ನು ತಿಂದವೋ, ಜೀವ ಇದ್ದದ್ದನ್ನೋ? ಅದನ್ನು ತೋರಿಸಿದ್ದು 2015ರಲ್ಲಿ ಆರ್‌ಪಿಯಂಥದೇ ಕಾಯಿಲೆ ಇರುವ ಆರ್‌ಡಿ10 ಎಂಬ ತಳಿಯ ಇಲಿಗಳು. ಸಂಕಟದಲ್ಲಿರುವ ರಾಡ್ ತನ್ನ ಹೊರಮೈಯಲ್ಲಿ ಫಾಸ್ಫಟೈಡಿಲ್‌ಸೆರಿನ್ ಎಂಬ ಕೊಬ್ಬನ್ನು ಹೊರಹಾಕುತ್ತದೆ. ಮೈಕ್ರೋಗ್ಲಿಯಾಕ್ಕೆ ಅದು ‘ತಿನ್ನು’ ಎಂಬ ಗುರುತು, ಇನ್ನೂ ಸಾಯದ ರಾಡನ್ನೂ ನುಂಗಿಬಿಡುತ್ತವೆ. ಹಾಗೆಂದು ಎಲ್ಲವನ್ನೂ ಅಡಗಿಸಿದರೆ ಆಯಿತೇ? 2019ರಲ್ಲಿ ಅದೇ ತಳಿಯಲ್ಲಿ ಸತ್ತ ಕೋಶಗಳನ್ನು ತೆರವುಮಾಡಲು ಮೈಕ್ರೋಗ್ಲಿಯಾಕ್ಕೆ ನೆರವಾಗುವ ಸಿ3 ಎಂಬ ಪ್ರೋಟೀನು ಇಲ್ಲದಂತೆ ಮಾಡಿದಾಗ ಸತ್ತ ಕೋಶಗಳು ತೆರವಾಗದೆ ಉಳಿದು ಹಾನಿ ಹೆಚ್ಚಿತು. ಕಸ ಗುಡಿಸುವವರು ಬಾರದ ಬೀದಿಯ ಗತಿ. ಇಮ್ಯುನಿಟಿ ಹೆಚ್ಚಿಸುವ ಡಬ್ಬಿಗಳಿಗೂ, ಅದನ್ನು ಅಡಗಿಸುವ, ಕಂಡಕಂಡಲ್ಲಿ ಕೊಳ್ಳುವ ಸ್ಟೀರಾಯ್ಡ್ ಹನಿಗೂ ಕೈಪಿಡಿಯಲ್ಲಿ ಜಾಗ ಸಿಗದಿರುವುದು ಇದಕ್ಕೇ. ಸ್ಟೀರಾಯ್ಡ್ ಕಣ್ಣಿನ ಒತ್ತಡ ಏರಿಸೀತು, ಆರ್‌ಪಿಯಲ್ಲಿ ಮೊದಲೇ ಬೇಗ ಬರುವ ಪೊರೆಯನ್ನು ಇನ್ನೂ ಬೇಗ ತಂದೀತು.

ಅದೇ ಸ್ಟೀರಾಯ್ಡ್‌ಗೆ ಲೆಕ್ಕದ ಕೆಲಸವಿರುವುದು ಜೀನ್ ಚಿಕಿತ್ಸೆಯಲ್ಲಿ. ಆರ್‌ಪಿಇ65 ಜೀನಿನ ಎರಡೂ ಪ್ರತಿ ಕೆಟ್ಟಿರುವವರಿಗೆಂದು ಲಕ್ಸ್‌ಟರ್ನಾ ಎಂಬ ಜೀನ್ ಚಿಕಿತ್ಸೆ 2017ರ ಡಿಸೆಂಬರ್‌ನಲ್ಲಿ ಅಮೆರಿಕದ ಒಪ್ಪಿಗೆ ಪಡೆಯಿತು. ಒಂದು ಕಣ್ಣಿಗೆ 0.3 ಮಿಲಿಲೀಟರ್, ಅದರಲ್ಲಿ ಸರಿಯಾದ ಜೀನನ್ನು ಹೊತ್ತೊಯ್ಯುವ 15,000 ಕೋಟಿ ವೈರಸ್ ವಾಹಕಗಳು. ದೇಹ ಅದನ್ನು ಸೋಂಕೆಂದೇ ಬಗೆಯಬಹುದು. ಆದ್ದರಿಂದ ಇಂಜೆಕ್ಷನ್‌ಗೆ 3 ದಿನ ಮುಂಚೆಯೇ ತೂಕದ ಕಿಲೋಗೆ 1 ಮಿಲಿಗ್ರಾಂನಂತೆ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರು, ದಿನಕ್ಕೆ 40 ಮಿಲಿಗ್ರಾಂ ಮೀರದಂತೆ ಒಟ್ಟು 7 ದಿನ, ಆಮೇಲೆ 10 ದಿನದಲ್ಲಿ ಇಳಿಸುವುದು. ಎರಡನೇ ಕಣ್ಣಿಗೆ ಕನಿಷ್ಠ 6 ದಿನ ಬಿಡಬೇಕು. ಗೊಂದಲವಾಗುವುದು ಇಲ್ಲೇ: ಮೊದಲ ಕಣ್ಣಿನ ಮಾತ್ರೆ ಮುಗಿಯುವ ಮುನ್ನ ಎರಡನೆಯದರ ಸರದಿ ಬಂದರೆ ಎರಡನ್ನೂ ಸೇರಿಸಿ ನುಂಗುವುದಲ್ಲ, ಹಳೆಯದು ನಿಂತು ಹೊಸ ಪಟ್ಟಿ ಶುರುವಾಗುತ್ತದೆ. ಫಲ ಸಿಗುತ್ತದೋ ಇಲ್ಲವೋ ತಿಳಿಯದೆ ಪ್ರಯೋಗದ ದಿನಗಳಲ್ಲೇ ಕಣ್ಣೊಡ್ಡಿದವರಿಗೂ, ಅವರ ಹೆತ್ತವರಿಗೂ ನಾವು ಋಣಿ.

ಆರ್‌ಪಿ ಇದ್ದವರ ಕಣ್ಣು ಯಾರಿಗೂ ಬೇಡವೆಂಬ ಮಾತು ತಪ್ಪು. ಕೆಟ್ಟಿರುವುದು ಹಿಂದಿನ ರೆಟಿನಾ. ಮುಂದಿನ ಪಾರದರ್ಶಕ ಪದರ, ಕಾರ್ನಿಯಾ, ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಕಣ್ಣಿನ ಬ್ಯಾಂಕಿಗೆ ಫೋನ್ ಮಾಡುವಾಗಲೇ ಆರ್‌ಪಿ ಇತ್ತೆಂದು ಹೇಳಿ, ರೆಟಿನಾವನ್ನು ಸಂಶೋಧನೆಗೆ ಕೊಡಬಹುದೇ ಎಂದು ಬೇರೆಯಾಗಿ ಕೇಳಿ. ಸಾವಾದ 6 ಗಂಟೆಯೊಳಗೆ ಕಣ್ಣು ತೆಗೆದಾಗಬೇಕು.

ಕೊನೆಯ ಕೃತಜ್ಞತೆ ಆ ಗಂಟೆಗಳಲ್ಲಿ, ಮನೆ ತುಂಬ ಜನ ಅಳುತ್ತಿರುವಾಗ, ಎದ್ದುಹೋಗಿ ಫ್ಯಾನ್ ಆರಿಸಿ, ತಲೆ ಕೆಳಗೆ ದಿಂಬಿಟ್ಟು, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟವರಿಗೆ.