ಯುಜಿಡಿ ಬೇಡ ಎಂದರೆ ಸಾಲದು, ಪಿಟ್‌ಗಳ ಲೆಕ್ಕವೂ ಬೇಕು

ಮಾನ್ಯ ಸಂಪಾದಕರೆ,

ಸಣ್ಣ ಪಟ್ಟಣಗಳ ಸಾಮಾನ್ಯ ಸಭೆಯಲ್ಲಿ ಯುಜಿಡಿ, ಅಂದರೆ ನೆಲದಡಿಯ ಒಳಚರಂಡಿ ಜಾಲದ ವಿಷಯ ಬಂದಾಗಲೆಲ್ಲ ಎರಡು ಬಣಗಳಾಗುತ್ತವೆ. ಇಡೀ ಊರಿಗೆ ಒಳಚರಂಡಿ ಬೇಕೇ ಬೇಕು ಎನ್ನುವವರು ಒಂದು ಕಡೆ. ರಸ್ತೆ ಅಗೆದು ವರ್ಷಗಟ್ಟಲೆ ಹಾಗೇ ಬಿಡುತ್ತಾರೆ, ಮನೆಗೊಂದು ಪಿಟ್ ಇದೆಯಲ್ಲ, ಅದೇ ಸಾಕು ಎನ್ನುವವರು ಇನ್ನೊಂದು ಕಡೆ. ಎರಡನೆಯವರ ಆತಂಕ ಸುಳ್ಳಲ್ಲ. ಆದರೆ ಒಳಚರಂಡಿಯಿಲ್ಲದೆ ಊರು ನಡೆಸುವುದೂ ಒಂದು ಯೋಜನೆಯೇ. ಅದಕ್ಕೂ ನಕ್ಷೆ, ವಾಹನ, ಸಿಬ್ಬಂದಿ, ಜಾಗ, ವಹಿ ಬೇಕು. ಅದಾವುದೂ ಇಲ್ಲದೆ ಬರೀ ‘ಬೇಡ’ ಎಂದು ದಿನ ದೂಡಿದರೆ ಕೊಳಚೆ ಕೆರೆಗೂ ಕೊಳವೆಬಾವಿಗೂ ಇಳಿಯುತ್ತದೆ, ಕೊನೆಗೆ ಒಳಚರಂಡಿಯೂ ಬಂದೇ ಬರುತ್ತದೆ.

ಅಮೆರಿಕದ ಕ್ಯಾಲಿಫೋರ್ನಿಯಾ ಕರಾವಳಿಯ ಲಾಸ್ ಒಸೊಸ್ ಎಂಬ ಸಣ್ಣ ಊರಿನಲ್ಲಿ ಆಗಿದ್ದು ಇದೇ. ಮರಳು ನೆಲ, ಒತ್ತೊತ್ತಾದ ಸೈಟುಗಳು, ಮನೆಗೊಂದು ಸೆಪ್ಟಿಕ್ ಟ್ಯಾಂಕ್. ಕುಡಿಯುವುದಕ್ಕೂ ಅದೇ ನೆಲದಡಿಯ ನೀರು. ಮಲಮೂತ್ರದ ಸಾರಜನಕದಿಂದ ಹುಟ್ಟುವ ನೈಟ್ರೇಟ್ ಅಂತರ್ಜಲದಲ್ಲಿ ಏರಿದ್ದರಿಂದ ಅಲ್ಲಿನ ಪ್ರಾದೇಶಿಕ ಜಲ ಗುಣಮಟ್ಟ ಮಂಡಳಿ 1983ರಲ್ಲೇ ಊರಿನ ಬಹುಭಾಗವನ್ನು ನಿಷೇಧಿತ ವಲಯವೆಂದು ಘೋಷಿಸಿತು. 1988ರಿಂದ ಆ ವಲಯದಲ್ಲಿ ಹೊಸ ಸೆಪ್ಟಿಕ್ ಟ್ಯಾಂಕಿಗೆ ಅವಕಾಶ ನಿಂತಿತು. ಅಂದರೆ ಹೊಸ ಮನೆಯೂ ನಿಂತಿತು. 1998ರಲ್ಲಿ ಊರಿನವರು ಕೊಳಚೆಯನ್ನು ಕೆರೆಯಂಥ ಹೊಂಡಗಳಲ್ಲಿ ನಿಲ್ಲಿಸಿ ಶುದ್ಧಮಾಡುವ ಕಡಿಮೆ ಖರ್ಚಿನ ಪದ್ಧತಿಯನ್ನು ನಂಬಿ ತಮ್ಮದೇ ಸ್ಥಳೀಯ ಆಡಳಿತ ಮಾಡಿಕೊಂಡರು. ಆ ಪದ್ಧತಿ ಕೈಗೂಡಲಿಲ್ಲ. 2005ರಲ್ಲಿ ಶುದ್ಧೀಕರಣ ಘಟಕದ ಕೆಲಸ ಶುರುವಾಯಿತು. ಅದು ಊರ ನಡುವೆ ಬೇಡವೆಂದು ಮತದಾರರು ಸದಸ್ಯರನ್ನೇ ಇಳಿಸಿದರು, ಕೆಲಸ ನಿಂತಿತು. ಮರುವರ್ಷ ಆ ಸ್ಥಳೀಯ ಆಡಳಿತ ದಿವಾಳಿ ಅರ್ಜಿ ಹಾಕಿತು, ಹೊಣೆ ಕೌಂಟಿಯ (ಜಿಲ್ಲಾಡಳಿತದ) ಕೈಗೆ ಹೋಯಿತು. ಒಳಚರಂಡಿ ಚಾಲೂ ಆದದ್ದು 2016ರಲ್ಲಿ. ಮೂವತ್ತಮೂರು ವರ್ಷ ವಾದ ನಡೆಯುತ್ತಿದ್ದಾಗಲೂ ನೈಟ್ರೇಟ್ ನೆಲಕ್ಕೆ ಇಳಿಯುತ್ತಲೇ ಇತ್ತು.

ನಮ್ಮಲ್ಲಿ ಯುಜಿಡಿ ಏಕೆ ಸೋಲುತ್ತದೆ ಎಂಬುದನ್ನೂ ಸರಿಯಾಗಿ ತಿಳಿಯಬೇಕು. ಒಳಚರಂಡಿ ಓಡುವುದು ನೀರಿನ ಬಲದಿಂದ. ಕೊಳವೆಯಲ್ಲಿ ಮಲ, ಮರಳು ಕೂರದಿರಲು ದಿನಕ್ಕೊಮ್ಮೆಯಾದರೂ ಸೆಕೆಂಡಿಗೆ 0.6 ಮೀಟರ್ ವೇಗ ಬರಬೇಕು. ತಲಾ ದಿನಕ್ಕೆ 135 ಲೀಟರ್ ಸರಬರಾಜು, ಅದರಲ್ಲಿ ಶೇ 80ರಷ್ಟು ಚರಂಡಿಗೆ ಎಂಬ ಲೆಕ್ಕದಲ್ಲಿ ವಿನ್ಯಾಸ ಮಾಡುತ್ತಾರೆ. ವಾರಕ್ಕೆರಡು ಸಲ ನೀರು ಬಿಡುವ ಊರಿನಲ್ಲಿ ಜನ ಸಂಪಿನಲ್ಲಿ ಹಿಡಿದಿಟ್ಟು ಅಳೆದು ಬಳಸುತ್ತಾರೆ. ಆ ಹರಿವು ಕೊಳವೆಗೆ ಸಿಗುವುದೇ ಇಲ್ಲ. ಇಳಿಜಾರಿನದು ಇನ್ನೊಂದು ತೊಡಕು. ಬೀದಿ ತುದಿಯಲ್ಲಿ ಸೆಕೆಂಡಿಗೆ 2 ಲೀಟರ್ ಹರಿಯುವ ಕೊಳವೆಗೆ ಸಾವಿರ ಮೀಟರಿಗೆ 6 ಮೀಟರ್ ಇಳಿಜಾರು ಬೇಕು. ಹರಿವು ಹೆಚ್ಚಿದಂತೆ ಇಳಿಜಾರು ಕಡಿಮೆ ಸಾಕಾಗುತ್ತದೆ ನಿಜ, ಆದರೆ ಅರ್ಧದಷ್ಟು ಮನೆಗಳಿಗೆ ಸಂಪರ್ಕವೇ ಕೊಡದಿದ್ದರೆ ಹರಿವು ಹೆಚ್ಚುವುದು ಎಲ್ಲಿಂದ? ಸಮತಟ್ಟಾದ ಊರಿನಲ್ಲಿ ಕೊಳವೆ ಹೀಗೆ ಆಳಕ್ಕೆ ಇಳಿದು, ಕೊಳಚೆ ಕೂಡುವ ಬಾವಿಯಾದ ವೆಟ್‌ವೆಲ್ ಸೇರುತ್ತದೆ, ಅಲ್ಲಿಂದ ಪಂಪ್‌ನಲ್ಲಿ ಎತ್ತಬೇಕು. ಕರೆಂಟ್ ಹೋಗಿ ಜನರೇಟರಿಗೆ ಡೀಸೆಲ್ ಇಲ್ಲದ ದಿನ ವೆಟ್‌ವೆಲ್ ತುಂಬಿ, ಅತಿ ತಗ್ಗಿನ ಮ್ಯಾನ್‌ಹೋಲ್ ಉಕ್ಕುತ್ತದೆ. ತಗ್ಗಿನಲ್ಲಿರುವುದು ಹೆಚ್ಚಾಗಿ ಬಡವರ ಕೇರಿಯೇ.

ಇನ್ನು ‘ಮನೆಗೊಂದು ಪಿಟ್ ಇದೆ’ ಎಂಬ ಮಾತಿಗೆ ಬರೋಣ. ಪರವಾನಗಿ ನಕ್ಷೆಯಲ್ಲಿ ಸೆಪ್ಟಿಕ್ ಟ್ಯಾಂಕ್ ಎಂದು ಬರೆದಿರುತ್ತದೆ. ನೆಲದಲ್ಲಿರುವುದು ಬೇರೆ: ಹತ್ತು ಹದಿನೈದು ಅಡಿ ತೋಡಿ, ಸಂದು ಬಿಟ್ಟು ಸೈಜುಗಲ್ಲು ಕಟ್ಟಿ ಅಥವಾ ಸಿಮೆಂಟ್ ರಿಂಗ್ ಇಳಿಸಿ, ಮೇಲೆ ಚಪ್ಪಡಿ ಮುಚ್ಚಿದ ತಳವಿಲ್ಲದ ಗುಂಡಿ. ಅದು ಸೆಪ್ಟಿಕ್ ಟ್ಯಾಂಕ್ ಅಲ್ಲ, ಇಂಗುಗುಂಡಿ. ‘ಇಪ್ಪತ್ತು ವರ್ಷದಿಂದ ತುಂಬೇ ಇಲ್ಲ’ ಎಂದು ಹೇಳುವ ಗುಂಡಿಯಿಂದ ಇಪ್ಪತ್ತು ವರ್ಷದ ಕೊಳೆನೀರು ನೆಲಕ್ಕೆ ಹೋಗಿದೆ ಎಂದೇ ಅರ್ಥ. ಕಪ್ಪು ಮಣ್ಣಿನ ಊರುಗಳಲ್ಲಿ ಇದು ತಿರುಗುಮುರುಗು: ನೀರು ಇಂಗದೆ ಗುಂಡಿ ಬೇಗ ತುಂಬುತ್ತದೆ, ಆಗ ಮೇಲ್ಭಾಗದಲ್ಲೊಂದು ಪೈಪ್ ಕೂರಿಸಿ ರಾತ್ರೋರಾತ್ರಿ ರಸ್ತೆ ಚರಂಡಿಗೆ ಬಿಡುತ್ತಾರೆ.

ಸರಿಯಾದ ಸೆಪ್ಟಿಕ್ ಟ್ಯಾಂಕ್ ದೊಡ್ಡದೇನೂ ಅಲ್ಲ. ಭಾರತೀಯ ಮಾನಕ ಐಎಸ್ 2470 ಪ್ರಕಾರ ಐದು ಜನರ ಮನೆಗೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ನೀರಿನ ಆಳ 1.05 ಮೀಟರ್ ಇದ್ದರೆ, ಎರಡು ವರ್ಷಕ್ಕೊಮ್ಮೆ ಹೂಳು ತೆಗೆಯುವ ಲೆಕ್ಕಕ್ಕೆ ಸಾಕು. ನೀರಿನ ಮೇಲೆ 30 ಸೆಂ.ಮೀ. ಖಾಲಿ ಜಾಗ ಬಿಡಬೇಕು. ತಳಕ್ಕೆ ಕಾಂಕ್ರೀಟ್, ಒಳಗೋಡೆಗೆ ನೀರು ಜಿನುಗದ ಗಾರೆ. 2,000 ಲೀಟರ್ ಮೀರಿದರೆ ಎರಡು ಕೋಣೆ. ನಡುಗೋಡೆ ಒಳಹರಿವಿನ ಕಡೆಯಿಂದ ಮೂರನೇ ಎರಡು ಭಾಗದ ದೂರದಲ್ಲಿರಬೇಕು. ಮೇಸ್ತ್ರಿಗಳು ಎಡವುವುದು ಹೆಚ್ಚಾಗಿ ಹೊರಹರಿವಿನ ‘ಟೀ’ ಪೈಪಿನಲ್ಲಿ. ಅದರ ಕೆಳಬಾಯಿ ನೀರಿನ ಮಟ್ಟದಿಂದ ಸುಮಾರು ಒಂದಡಿ ಕೆಳಗಿರಬೇಕು. ಮೇಲೆ ತೇಲುವ ಕೆನೆಯೂ ತಳದ ಹೂಳೂ ಅಲ್ಲ, ನಡುವಿನ ತಿಳಿನೀರು ಮಾತ್ರ ಹೊರಗೆ, ಪಕ್ಕದ ಇಂಗುಗುಂಡಿಗೆ ಹೋಗಲಿ ಎಂದೇ ಆ ಟೀ ಇರುವುದು. ಅದರ ಬದಲು ನೇರ ಪೈಪಿನ ತುಂಡು ಕೂರಿಸಿಬಿಟ್ಟರೆ ಕೆನೆ ಹೋಗಿ ಇಂಗುಗುಂಡಿಯ ಗೋಡೆಗೆ ಮೆತ್ತಿಕೊಳ್ಳುತ್ತದೆ. ಒಂದೆರಡು ವರ್ಷಕ್ಕೆ ಗುಂಡಿ ನೀರು ಕುಡಿಯುವುದನ್ನೇ ನಿಲ್ಲಿಸುತ್ತದೆ. ಮನೆಯವರು ಮಣ್ಣು ಸರಿಯಿಲ್ಲ ಎನ್ನುತ್ತಾರೆ; ಕೆಟ್ಟದ್ದು ಆ ಒಂದಡಿ ಪೈಪು.

ಮಣ್ಣನ್ನು ತಿಳಿಯುವ ಪರೀಕ್ಷೆಯೂ ಸುಲಭ. ಇಂಗುಗುಂಡಿ ಬರುವ ಆಳದಲ್ಲಿ ಚಿಕ್ಕ ಗುಳಿ ತೋಡಿ, ಕೆರೆದ ಗೋಡೆಯ ಸಡಿಲ ಮಣ್ಣು ತೆಗೆದು, ತಳಕ್ಕೆ ಸ್ವಲ್ಪ ಜಲ್ಲಿ ಹಾಕಿ, ನೀರು ತುಂಬಿ ಒಂದು ರಾತ್ರಿ ನೆನೆಯಲು ಬಿಡಬೇಕು. ಮರುದಿನ ಮತ್ತೆ ನೀರು ಹಾಕಿ, ಅದು 25 ಮಿ.ಮೀ. ಇಳಿಯಲು ಎಷ್ಟು ನಿಮಿಷ ಎಂದು ನೋಡಬೇಕು. ಮೂವತ್ತು ನಿಮಿಷದೊಳಗಾದರೆ ಇಂಗುಗುಂಡಿ ನಡೆಯುತ್ತದೆ. ಮೂವತ್ತರಿಂದ ಅರವತ್ತಾದರೆ ಉದ್ದನೆಯ ಇಂಗು ಕಾಲುವೆ ಬೇಕು. ಅರವತ್ತು ದಾಟಿದರೆ ಆ ನೆಲಕ್ಕೆ ಇಂಗಿಸುವ ಮಾತೇ ಬೇಡ, ಮೇಲ್ಮುಖ ಹರಿವಿನ ಜಲ್ಲಿ ಫಿಲ್ಟರ್ ಕಟ್ಟಬೇಕು. ಕುಡಿಯುವ ನೀರಿನ ಬಾವಿಯಿಂದ ಇಂಗುಗುಂಡಿ ಕನಿಷ್ಠ 18 ಮೀಟರ್ ದೂರವಿರಬೇಕು. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಆ ಅಂತರವನ್ನೂ ನಂಬುವಂತಿಲ್ಲ. ಅಲ್ಲಿನ ರಂಧ್ರಗಳಲ್ಲಿ ನೀರು ಸೋಸಿಕೊಳ್ಳದೆ ಓಡಿಬಿಡುತ್ತದೆ.

ಟ್ಯಾಂಕ್ ಎಷ್ಟೇ ಚೆನ್ನಾಗಿದ್ದರೂ ಹೂಳು ತೆಗೆಯದಿದ್ದರೆ ಅದು ಬರೀ ಹಾದುಹೋಗುವ ತೊಟ್ಟಿ. ಕೆನೆ ಮತ್ತು ಹೂಳು ಸೇರಿ ಆಳದ ಮೂರನೇ ಒಂದು ಭಾಗ ಮುಟ್ಟಿದಾಗ ತೆಗೆಸಬೇಕು. ಮನೆಗಳಲ್ಲಿ ಇದು ಎರಡು ಮೂರು ವರ್ಷಕ್ಕೊಮ್ಮೆ ಬರುತ್ತದೆ. ನಮ್ಮಲ್ಲಿ ಸಕ್ಕಿಂಗ್ ಮೆಷಿನ್‌ಗೆ ಫೋನ್ ಹೋಗುವುದು ಪಾಯಿಖಾನೆ ಕಟ್ಟಿಕೊಂಡಾಗ ಮಾತ್ರ. ಬಂದ ಲಾರಿ ತುಂಬಿಕೊಂಡದ್ದನ್ನು ಎಲ್ಲಿ ಸುರಿಯಿತು ಎಂದು ಯಾರೂ ಕೇಳುವುದಿಲ್ಲ. ಹಳ್ಳ, ಕೆರೆ ಅಂಗಳ, ಬೀಳು ಜಮೀನು ಎಲ್ಲಾದರೂ ಸರಿ. ಒಳಚರಂಡಿಯಿಲ್ಲದ ಪಟ್ಟಣದ ನಿಜವಾದ ಒಳಚರಂಡಿ ಆ ಲಾರಿ. ಅದನ್ನು ಪುರಸಭೆ ತನ್ನದೆಂದು ನಡೆಸಬೇಕು.

ಲೆಕ್ಕ ಹೀಗೆ ಮಾಡಬಹುದು. 5,000 ಮನೆಗಳ ಪಟ್ಟಣದಲ್ಲಿ ಮೂರು ವರ್ಷಕ್ಕೊಂದು ಸರದಿ ಎಂದರೆ ವರ್ಷಕ್ಕೆ ಸುಮಾರು 1,670 ಮನೆ. ವರ್ಷಕ್ಕೆ 300 ದಿನ ಕೆಲಸ ನಡೆದರೆ ದಿನಕ್ಕೆ ಐದಾರು ಮನೆ. ಮನೆಗೆ ಸರಾಸರಿ 2,000 ಲೀಟರ್ ಹೂಳುನೀರು ಹಿಡಿದರೆ ದಿನಕ್ಕೆ 11,000 ಲೀಟರ್. ಇದಕ್ಕೆ ಎರಡು ಲಾರಿ ಸಾಕು. ಜೊತೆಗೆ ಸಂದಿಯ ಮನೆ ಮುಟ್ಟಲು ಉದ್ದ ಹೋಸ್ ಇರುವ ಒಂದು ಚಿಕ್ಕ ವಾಹನ. ಈ ಹೂಳುನೀರಿನಲ್ಲಿ ನೂರಕ್ಕೆ ಎರಡು ಪಾಲು ಘನ ಎಂದಿಟ್ಟುಕೊಂಡು, ಚದರ ಮೀಟರಿಗೆ ವರ್ಷಕ್ಕೆ 150 ಕೆ.ಜಿ. ಒಣಘನದ ಲೆಕ್ಕದಲ್ಲಿ ಒಣಹಾಸು (ಹೂಳು ಹರಡಿ ಒಣಗಿಸುವ ಹಾಸು) ಕಟ್ಟಿದರೆ ಬೇಕಾಗುವುದು ಸುಮಾರು 440 ಚದರ ಮೀಟರ್, ಅಂದರೆ ನಾಲ್ಕೂವರೆ ಗುಂಟೆ. ದಾರಿ, ತೊಟ್ಟಿ, ಗೊಬ್ಬರದ ಶೆಡ್ ಸೇರಿಸಿದರೂ ಒಂದು ಎಕರೆಯೊಳಗೆ ಮುಗಿಯುತ್ತದೆ.

ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ ಬೆಂಗಳೂರಿನ ಸಿಡಿಡಿ ಸೊಸೈಟಿ ಕಟ್ಟಿದ ಮಲತ್ಯಾಜ್ಯ ಸಂಸ್ಕರಣಾ ಘಟಕ ಪಟ್ಟಣ ಮಟ್ಟದಲ್ಲಿ ದೇಶದ ಮೊದಲನೆಯದು. ಸಾಮರ್ಥ್ಯ ದಿನಕ್ಕೆ 6,000 ಲೀಟರ್. ಹೂಳನ್ನು ಗಾಳಿಯಾಡದ ತೊಟ್ಟಿಗಳಲ್ಲಿ ಕೊಳೆಸಿ, ಒಣಹಾಸಿನಲ್ಲಿ ಹರಡಿ, ಸೋಸಿದ ನೀರನ್ನು ಬೇರೆಯಾಗಿ ಶುದ್ಧಮಾಡುವ ಕ್ರಮ ಅಲ್ಲಿಯದು. ಸಾಮರ್ಥ್ಯ ಗೊತ್ತುಮಾಡುವಾಗ ಒಂದು ಎಚ್ಚರಿಕೆ ಬೇಕು: ಜನ ಕರೆದಾಗ ಮಾತ್ರ ಹೋಗುವ ಪದ್ಧತಿಗೆ ಸಾಕಾಗುವ ಘಟಕ, ಸರದಿಯ ಮೇಲೆ ಎಲ್ಲ ಮನೆಗೂ ಹೋಗಲು ಶುರುಮಾಡಿದ ದಿನ ಸಾಲದಾಗುತ್ತದೆ. ಒಣಹಾಸಿನ ಮೇಲೆ ಒಮ್ಮೆಗೆ 20ರಿಂದ 30 ಸೆಂ.ಮೀ. ಮಾತ್ರ ಸುರಿಯಬೇಕು. ಕೊಳೆಯದ ಹಸಿ ಹೂಳನ್ನು ನೇರ ಸುರಿದರೆ ಮೇಲೆ ಪದರ ಕಟ್ಟಿ, ಒಳಗೆ ನೀರು ಹಾಗೇ ಉಳಿದು ನೊಣ ಏಳುತ್ತದೆ. ಮಲೆನಾಡು, ಕರಾವಳಿಯಲ್ಲಿ ಬೆಳಕು ಬಿಡುವ ಚಾವಣಿ ಇಲ್ಲದೆ ಒಣಹಾಸು ಕಟ್ಟಲೇಬಾರದು. ಒಣಗಿದ್ದೂ ಗೊಬ್ಬರವಾಗಲಿಲ್ಲ ಇನ್ನೂ. ಜಂತುಹುಳದ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಹಸಿ ಕಸದೊಂದಿಗೆ ರಾಶಿ ಹಾಕಿ, ರಾಶಿ 55 ಡಿಗ್ರಿ ಸೆಲ್ಸಿಯಸ್ ದಾಟುವಂತೆ ಮಗುಚಿದ ಮೇಲೆಯೇ ರೈತರಿಗೆ ಕೊಡಬೇಕು.

ಇಷ್ಟೆಲ್ಲ ಮಾಡಿದರೂ ಅರ್ಧ ಕೆಲಸ ಬಾಕಿ. ಪಾಯಿಖಾನೆಗೆ ಹೋಗುವ ನೀರು ಮನೆಯ ಒಟ್ಟು ಕೊಳಚೆಯಲ್ಲಿ ಸಣ್ಣ ಪಾಲು. ಬಚ್ಚಲು, ಪಾತ್ರೆ, ಬಟ್ಟೆಯ ನೀರೇ ಹೆಚ್ಚು, ಅದು ತೆರೆದ ಚರಂಡಿಯಲ್ಲಿ ಕೆರೆಗೆ ಹೋಗುತ್ತದೆ. ಯುಜಿಡಿ ಬೇಡ ಎನ್ನುವವರು ಉತ್ತರಿಸದೆ ಬಿಡುವ ಪ್ರಶ್ನೆ ಇದು. ಚರಂಡಿ ಕೆರೆ ಮುಟ್ಟುವ ಮೊದಲೇ ಅದನ್ನು ತಡೆಯಬೇಕು. ಮೊದಲು ಕಸ ಹಿಡಿಯುವ ಸರಳು ಜಾಲರಿ, ಮರಳು ಕೂರುವ ತೊಟ್ಟಿ, ಆಮೇಲೆ ತಿಳಿಗೊಳಿಸುವ ತೊಟ್ಟಿ, ಅಡ್ಡಗೋಡೆಗಳ ನಡುವೆ ನೀರು ಮೇಲೆ ಕೆಳಗೆ ಹರಿಯುವ ಬ್ಯಾಫಲ್ ಟ್ಯಾಂಕ್, ಕೊನೆಗೆ ಗಿಡ ನೆಟ್ಟ ಜಲ್ಲಿ ಹಾಸು. ಜಲ್ಲಿ ಹಾಸಿಗೆ ತಲಾ ಅರ್ಧದಿಂದ ಒಂದು ಚದರ ಮೀಟರ್ ಬೇಕಾಗುವುದರಿಂದ 2,000 ಜನರ ವಾರ್ಡಿಗೆ ಹತ್ತರಿಂದ ಇಪ್ಪತ್ತು ಗುಂಟೆ ಹಿಡಿಯುತ್ತದೆ. ಮಳೆನೀರು ಪಕ್ಕಕ್ಕೆ ಹಾರಿಹೋಗಲು ಕೋಡಿ ಇಡದಿದ್ದರೆ ಮೊದಲ ದೊಡ್ಡ ಮಳೆಗೇ ಜಲ್ಲಿಯೊಳಗೆ ಮಣ್ಣು ತುಂಬಿ ಎಲ್ಲ ಹಾಳು. ಮೊದಲಿನ ತೊಟ್ಟಿಗಳ ಹೂಳು ತೆಗೆಯಲು ಮರೆತರೂ ಅದೇ ಗತಿ.

ಹಾಗಾದರೆ ಒಳಚರಂಡಿ ಎಲ್ಲಿ ಬೇಕೇ ಬೇಕು? ಒತ್ತು ಮನೆಗಳಿರುವ ಹಳೇ ಪೇಟೆಯಲ್ಲಿ. ಒಬ್ಬ ಮನುಷ್ಯನಿಂದ ವರ್ಷಕ್ಕೆ ಸುಮಾರು 4 ಕೆ.ಜಿ. ಸಾರಜನಕ ಹೊರಬರುತ್ತದೆ, ಸೆಪ್ಟಿಕ್ ಟ್ಯಾಂಕ್ ಅದರಲ್ಲಿ ಹೆಚ್ಚಿನದನ್ನು ತಡೆಯುವುದಿಲ್ಲ. ಎಕರೆಗೆ ನೂರು ಜನ ಎಂದರೆ ವರ್ಷಕ್ಕೆ 400 ಕೆ.ಜಿ. ಅದರ ಕಾಲು ಭಾಗ ನೆಲಕ್ಕೆ ಇಳಿದರೂ ಅಲ್ಲಿನ ಕೊಳವೆಬಾವಿ, ಕುಡಿಯುವ ನೀರಿಗೆ ನಿಗದಿಯಾದ ಲೀಟರಿಗೆ 45 ಮಿ.ಗ್ರಾಂ. ನೈಟ್ರೇಟ್ ಮಿತಿಯೊಳಗೆ ಉಳಿಯುವುದು ಕಷ್ಟ. ಇಂಥ ಬೀದಿಗಳಿಗೂ ಆಳದ ಕೊಳವೆಯೇ ಆಗಬೇಕೆಂದಿಲ್ಲ. ಮನೆಗಳ ಟ್ಯಾಂಕಿನಲ್ಲಿ ಘನ ಉಳಿಸಿಕೊಂಡು ತಿಳಿನೀರನ್ನಷ್ಟೇ 100 ಮಿ.ಮೀ. ಪೈಪಿನಲ್ಲಿ ಒಯ್ಯುವ ಪದ್ಧತಿ ಇದೆ. ಅದಕ್ಕೆ ಕಡಿಮೆ ಇಳಿಜಾರು ಸಾಕು, ಬೀದಿಗೆ ದೊಡ್ಡ ಮ್ಯಾನ್‌ಹೋಲ್ ಬೇಡ. ಆದರೆ ಹೂಳು ತೆಗೆಯುವ ಸರದಿ ತಪ್ಪಿದ ವರ್ಷ ಆ ಸಣ್ಣ ಪೈಪ್ ಕಟ್ಟಿಕೊಳ್ಳುತ್ತದೆ.

ಪಿಟ್ ಆಗಲಿ ಮ್ಯಾನ್‌ಹೋಲ್ ಆಗಲಿ, ರಕ್ಷಣಾ ಸಾಧನಗಳಿಲ್ಲದೆ ಒಳಗೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಚಪ್ಪಡಿಯಲ್ಲಿ ಹೋಸ್ ಇಳಿಸುವಷ್ಟು ಮುಚ್ಚಳ ಬಿಡದೆ ಕಟ್ಟಿದ ಟ್ಯಾಂಕೇ ಮನುಷ್ಯರನ್ನು ಒಳಗೆ ಇಳಿಸಲು ನೆಪವಾಗುತ್ತದೆ. ಪರವಾನಗಿ ಕೊಡುವಾಗಲೇ ಈ ಮುಚ್ಚಳ ನೋಡಬೇಕು.

ಸ್ವಚ್ಛ ಭಾರತ ನಗರ ಮಿಷನ್‌ನ ಎರಡನೇ ಹಂತದಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಪಟ್ಟಣಗಳ ಬಳಕೆಯಾದ ನೀರಿನ ನಿರ್ವಹಣೆಗೂ ಅವಕಾಶವಿದೆ. ಆದ್ದರಿಂದ ಪುರಸಭೆ ಸದಸ್ಯರು ಸಮಗ್ರ ಯೋಜನಾ ವರದಿಗೆ ಒಪ್ಪಿಗೆ ಕೊಡುವ ಮುನ್ನ ಮೂರು ಕಾಗದ ಕೇಳಲಿ: ಮನೆವಾರು ಪಿಟ್‌ಗಳ ವಹಿ (ಯಾವ ಬಗೆ, ತಳ ಇದೆಯೇ, ಕೊನೆಯ ಸಲ ಹೂಳು ತೆಗೆಸಿದ್ದು ಯಾವಾಗ), ವಾರ್ಡ್‌ವಾರು ಇಂಗುವಿಕೆ ಪರೀಕ್ಷೆ, ಕೊಳವೆಬಾವಿಗಳ ನೈಟ್ರೇಟ್ ವರದಿ. ಇಂಗುವಿಕೆ ಪರೀಕ್ಷೆಯನ್ನು ಮಳೆಗಾಲದ ಕೊನೆಗೆ, ನೆಲ ನೀರುಂಡು ನಿಂತಾಗ ಮಾಡಿಸಬೇಕು. ಏಪ್ರಿಲ್‌ನಲ್ಲಿ ಬಿರುಕುಬಿಟ್ಟ ಕಪ್ಪು ಮಣ್ಣು ಎಷ್ಟು ಸುರಿದರೂ ಕುಡಿಯುತ್ತದೆ, ಅದೇ ಗುಳಿ ಅಕ್ಟೋಬರ್‌ನಲ್ಲಿ ಇಡೀ ದಿನ ಒಂದು ಬೆರಳಿನಷ್ಟೂ ಇಳಿಯುವುದಿಲ್ಲ.

ಇಂತಿ,
ಪಟ್ಟಣ ನೈರ್ಮಲ್ಯದ ಕೆಲಸದಲ್ಲಿರುವ ಓದುಗರು