ನಿನ್ನ ಅನ್ಯಗ್ರಹದವರು ಯಾಕೆ ಇಷ್ಟು ನಗುತ್ತಾರೆ?

ತೀರ್ಥಹಳ್ಳಿ

ಪ್ರೀತಿಯ ತಮ್ಮ,

ಕಥೆಗಳು ತಲುಪಿದವು, ಓದಿದೆ. ಏಕವಚನದಲ್ಲೇ ಬರೆಯಿರಿ ಅಂತ ನೀನೇ ಕೇಳಿದ್ದೀಯ. ಆ ಸಲುಗೆಯಲ್ಲೇ ಶುರು ಮಾಡುತ್ತೇನೆ. ನಿನ್ನ ಅನ್ಯಗ್ರಹದವರು ಯಾಕೆ ಮಾರಾಯ ಇಷ್ಟು ನಗುತ್ತಾರೆ? ಕುಂದಾದ್ರಿ ಬೆಟ್ಟದ ಮೇಲೆ ಇಳಿದ ಕೂಡಲೇ ನಗು. ಪೊಲೀಸರ ಟೋಪಿ ಹಾರಿಸಿ ನಗು. ಗದ್ದೆಯ ಕೆಸರಲ್ಲಿ ಬಿದ್ದು ನಗು. ಅವರೇ ಪುಟಗಟ್ಟಲೆ ನಕ್ಕು ಮುಗಿಸಿದರೆ ಓದುವವನಿಗೆ ಏನು ಉಳಿಯಿತು?

ಯಕ್ಷಗಾನದ ಹಾಸ್ಯಗಾರನನ್ನು ನೋಡಿದ್ದೀಯಲ್ಲ. ದೂತನ ವೇಷದಲ್ಲಿ ರಾಜನ ಮುಂದೆ ನಿಂತಾಗ ಅವನಿಗೆ ತನ್ನ ಸುದ್ದಿಯೇ ಮಹಾ ಮುಖ್ಯ. ರಾಜನಿಗೆ ತನ್ನ ಗತ್ತು ಮುಖ್ಯ. ಇಬ್ಬರೂ ನಗುವುದಿಲ್ಲ, ನಾವು ಮಾತ್ರ ಹೊಟ್ಟೆ ಹಿಡಿದುಕೊಂಡು ಹೊರಳಾಡುತ್ತೇವೆ. ಹಾಸ್ಯಗಾರ ತನ್ನ ಮಾತಿಗೆ ತಾನೇ ನಗೋಕೆ ಶುರು ಮಾಡಿದ ರಾತ್ರಿ ಜನ ಮೆಲ್ಲಗೆ ಎದ್ದು ಚಹಾದ ಅಂಗಡಿ ಕಡೆ ಹೋಗುತ್ತಾರೆ.

ಆಡುವವನಿಗೆ ತನ್ನ ಆಟ ತಮಾಷೆಯಾಗಿ ಕಾಣುವುದಿಲ್ಲ. ನಾನು ಹೇಳಬೇಕಾಗಿದ್ದು ಹೆಚ್ಚುಕಮ್ಮಿ ಇಷ್ಟೇ. ಅಂಗಳದಲ್ಲಿ ಕುಂಟೆಬಿಲ್ಲೆ ಆಡುವ ಮಕ್ಕಳ ಮುಖ ನೋಡು. ಗೆರೆ ತುಳಿದಳೋ ಇಲ್ಲವೋ ಅನ್ನೋದಕ್ಕೆ ಎಂಥ ವಾದ, ಎಂಥ ಸಾಕ್ಷಿ, ಎಷ್ಟು ಆಣೆ! ಪ್ರಾಣಿಗಳಲ್ಲೂ ಹಾಗೇ. ನಾಯಿ ಮುಂಗಾಲು ಚಾಚಿ, ಎದೆ ತಗ್ಗಿಸಿ, ಹಿಂಭಾಗ ಮೇಲೆತ್ತಿದರೆ ಅದು ಆಟಕ್ಕೆ ಕರೆ. ಆಮೇಲೆ ಕಚ್ಚಿದರೂ ಅದು ನಿಜವಾದ ಕಚ್ಚುವಿಕೆ ಅಲ್ಲ ಅಂತ ಎದುರಿನ ನಾಯಿಗೆ ಗೊತ್ತಿರುತ್ತದೆ. 2022ರಲ್ಲಿ ಲಂಡನ್ನಿನ ಸಂಶೋಧಕರು ಬಂಬಲ್‌ಬೀ ಅನ್ನುವ ದಪ್ಪ ದುಂಬಿಗಳ ಹತ್ತಿರ ಪುಟ್ಟ ಮರದ ಚೆಂಡುಗಳನ್ನು ಇಟ್ಟು ನೋಡಿದರು. ಉರುಳಿಸಿದರೆ ಸಿಹಿ ಏನೂ ಸಿಗುತ್ತಿರಲಿಲ್ಲ. ಆದರೂ ಮತ್ತೆ ಮತ್ತೆ ಬಂದು ಉರುಳಿಸಿದವು. ಎಳೆಯವು ಇನ್ನೂ ಜಾಸ್ತಿ ಉರುಳಿಸಿದವು. ಸಾಮಾನ್ಯವಾಗಿ ಹೊಟ್ಟೆ ತುಂಬಿದ, ಹೆದರಿಕೆ ಇಲ್ಲದ ಜೀವವೇ ಆಟಕ್ಕೆ ಇಳಿಯುವುದು. ನಿನ್ನ ಜನಾಂಗಕ್ಕೆ ಇಷ್ಟು ಪುರುಸೊತ್ತು ಎಲ್ಲಿಂದ ಬಂತು? ಅವರ ಆಟದ ನಿಯಮ ಏನು? ಸೋತವನಿಗೆ ಏನಾಗುತ್ತದೆ? ಇದು ನಿನಗೆ ಗೊತ್ತಿರಬೇಕು. ಕಥೆಯಲ್ಲಿ ಹೇಳದೆ ಇದ್ದರೂ ಪರವಾಗಿಲ್ಲ.

ನಿನ್ನ ಮೂರನೇ ಕಥೆಯಲ್ಲಿ ಚೌಕಾಬಾರದ ಒಂದು ಸಾಲು ಸುಮ್ನೆ ಬಂದು ಹೋಗಿದೆ. ನಾನು ಅಲ್ಲೇ ನಿಂತುಬಿಟ್ಟೆ. ಆ ಸಾಲನ್ನು ಹಿಡಿದು ಎಳೆ. ಎರಡು ನಕ್ಷತ್ರಗಳ ಮಂದಿ ಚೌಕಾಬಾರ ಆಡುತ್ತಿದ್ದಾರೆ ಅಂತಿಟ್ಟುಕೋ. ಅವರ ನಡುವಿನ ದೂರ, ನಮಗೂ ಸೂರ್ಯನ ಅತಿ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿಗೂ ಇರುವಷ್ಟೇ, 4.2 ಜ್ಯೋತಿರ್ವರ್ಷ. ಇವರು ಕವಡೆ ಹಾಕಿದ ಸುದ್ದಿ ಅಲ್ಲಿಗೆ ಮುಟ್ಟಲು 4.2 ವರ್ಷ. ಅವರ ಗರ ಎಷ್ಟು ಬಿತ್ತು ಅಂತ ಇಲ್ಲಿಗೆ ತಿಳಿಯಲು ಇನ್ನೊಂದು 4.2 ವರ್ಷ. ಬೆಳಕನ್ನು ಮೀರಿ ಯಾವ ಸುದ್ದಿಯೂ ಓಡುವುದಿಲ್ಲ. ಅಜ್ಜ ನಡೆಸಿದ ಕಾಯಿಯನ್ನು ಆ ಕಡೆಯವರು ಹೊಡೆದರು ಅಂತ ಗೊತ್ತಾಗುವ ಹೊತ್ತಿಗೆ ಅಜ್ಜನ ವರ್ಷಾಬ್ದಿಕವೂ ಮುಗಿದಿರುತ್ತದೆ. ಕಾಯಿ ಹೊಡೆದವರಿಗೆ ಇನ್ನೊಂದು ಗರ ಬೇರೆ! ಅದಿರಲಿ, ಅಲ್ಲಿ ಕವಡೆ ನಿಜವಾಗಿ ಎಷ್ಟು ಬಿತ್ತು ಅಂತ ನೋಡಿದವರು ಯಾರು? ಮೋಸ ಮಾಡಿದಿರಿ ಅಂತ ಒಂದು ಬೈಗುಳ ಕಳಿಸಿದರೆ ಮರುಬೈಗುಳಕ್ಕೆ ಎಂಟೂವರೆ ವರ್ಷ ಕಾಯಬೇಕು. ಅಷ್ಟರಲ್ಲಿ ಸಿಟ್ಟು ಯಾಕೆ ಬಂದಿತ್ತು ಅನ್ನೋದೇ ಮರೆತುಹೋಗಿರುತ್ತದೆ, ದಾಖಲೆ ಮಾತ್ರ ಇರುತ್ತದೆ. ಕೊನೆಗೆ ಎರಡೂ ಕಡೆಗೆ ಸೇರದ ಅಂಪೈರ್ ಬೇಕು ಅಂತ ಹುಡುಕಿಕೊಂಡು ಸಾಗರದ ಒಂದು ಮನೆಯ ಜಗಲಿಗೆ ಬರುತ್ತಾರೆ. ಅಲ್ಲಿ ಒಬ್ಬ ಅಜ್ಜಿ ಇದ್ದಾರೆ. ಮಗನ ಜೊತೆ ಆಡಿದರೂ ಕಾಯಿ ಬಿಟ್ಟುಕೊಡದ ಅಜ್ಜಿ.

ಇಲ್ಲಿ ಎಲ್ಲೂ ಪಾಠ ಮಾಡಿಲ್ಲ. ಆದರೂ ಬೆಳಕಿನ ವೇಗ ತೆಗೆದರೆ ಕಥೆಯೇ ಇಲ್ಲ. ನಿನ್ನ ಎರಡನೇ ಕಥೆಯಲ್ಲಿ ಹಾಗಿಲ್ಲ. ಯಾವುದೋ ಕಿರಣ ಬಿಟ್ಟರೆ ಅಡಿಕೆ ಲಾಡು ಆಗುತ್ತದೆ, ಇನ್ನೊಂದು ಬಿಟ್ಟರೆ ಬಸ್ಸು ಆನೆ ಆಗುತ್ತದೆ. ಏನು ಬೇಕಾದರೂ ಆಗುವ ಊರಲ್ಲಿ ಯಾವುದಕ್ಕೆ ಅಂತ ಬೆರಗಾಗುವುದು, ಯಾವುದಕ್ಕೆ ನಗುವುದು?

ಲೆಕ್ಕ ಹಾಕಲು ಬೇಜಾರು ಮಾಡಿಕೊಳ್ಳಬೇಡ. ಜೋಗದಲ್ಲಿ ನೀರು ಬೀಳುವ ಎತ್ತರ 253 ಮೀಟರ್. ಗಾಳಿಯ ತಡೆ ಬಿಟ್ಟರೆ ಮೇಲಿಂದ ಬಿಟ್ಟ ಕಲ್ಲು ಸುಮಾರು 7 ಸೆಕೆಂಡಿಗೆ ತಳ ಮುಟ್ಟುತ್ತದೆ. ಚಂದ್ರನ ಹಾಗೆ ಆರನೇ ಒಂದು ಭಾಗ ಗುರುತ್ವ ಇರುವ ಕಡೆ ಅದೇ ಕಲ್ಲಿಗೆ 18 ಸೆಕೆಂಡು ಹತ್ತಿರ ಬೇಕು. ಅಂಥ ಊರಿನವನು ಜೋಗದ ಎದುರು ನಿಂತರೆ ಸೌಂದರ್ಯ ನೋಡಿ ಮೈಮರೆಯುವುದಿಲ್ಲ. ನೀರಿಗೆ ಇಷ್ಟು ಅವಸರ ಯಾಕೆ, ಕೆಳಗೆ ಏನಾದರೂ ಅವಘಡ ಆಗಿದೆಯಾ ಅಂತ ಗಾಬರಿಯಾಗುತ್ತಾನೆ. ಕ್ಯಾಲ್ಕುಲೇಟರ್ ಮುಂದೆ ಐದು ನಿಮಿಷ ಕೂತದ್ದಕ್ಕೆ ನನಗೆ ಸಿಕ್ಕಿದ್ದು ಇದು.

ಇನ್ನು ನಮ್ಮ ಜನದ ವಿಷಯ. ನೀನು ಅವರನ್ನು ಬರೀ ಬಾಯಿ ಬಿಟ್ಟುಕೊಂಡು ನಿಲ್ಲಿಸಿದ್ದೀಯ. ನಮ್ಮ ಕಡೆಯವರು ಹಾಗೆ ನಿಲ್ಲುತ್ತಾರಾ? ಮನೆಗೆ ಬಂದವರು ಯಾರೇ ಇರಲಿ, ಮೊದಲು ಬೆಲ್ಲ ನೀರು. ಆಮೇಲೆ ಯಾವ ಊರು, ಯಾರ ಪೈಕಿ. ಹಾರುವ ತಟ್ಟೆ ಅಂಗಳದಲ್ಲಿ ನಿಂತದ್ದಕ್ಕೆ ಬೇಜಾರಿಲ್ಲ, ಅಡಿಕೆ ಒಣಗಿಸುವ ಜಾಗದಲ್ಲಿ ನಿಂತದ್ದಕ್ಕೆ ಇದೆ. ಅನ್ಯಗ್ರಹದವನ ಮೈ ನೀಲಿ ಅಂತ ಅರ್ಧ ಪುಟ ಬರೆದಿದ್ದೀಯ. ಜೂನ್ ತಿಂಗಳಲ್ಲಿ ಅವನು ತೋಟದಿಂದ ಹೊರಗೆ ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಕಾಲ. 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಹಾಕಿ ಮರ ಹತ್ತಿ ಹೊಡೆದು ಇಳಿದವರೆಲ್ಲ ನೀಲಿಯೇ.

ಅಡಿಕೆ ಗೊನೆ ಇಳಿಸುವ ಕೊನೆಗಾರ ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡು ದಾಟುವುದನ್ನು ಈ ಆಟದ ಜನಾಂಗ ನೋಡಿದರೆ ಬಿಡುತ್ತದಾ? ನೆಲ ಮುಟ್ಟಿದವನು ಔಟ್ ಅಂತ ಅವರೇ ನಿಯಮ ಮಾಡಿಕೊಂಡು ಇಡೀ ತೋಟ ಮುಗಿಸುತ್ತಾರೆ. ತೋಟದ ಯಜಮಾನರು ಕೂಲಿ ಎಷ್ಟು ಅಂತ ಕೇಳುತ್ತಾರೆ. ಬೇಡ ಅನ್ನುತ್ತಾರೆ, ಯಾಕೆಂದರೆ ಆಟಕ್ಕೆ ದುಡ್ಡು ತೆಗೆದುಕೊಂಡರೆ ಅವರಲ್ಲಿ ಸೋತ ಹಾಗೆ. ಅಲ್ಲಿಗೆ ಯಜಮಾನರ ನಿದ್ದೆ ಹೋಯಿತು. ಕೊನೆಗಾರರೇ ಸಿಗದ ಈ ಕಾಲದಲ್ಲಿ ಪುಕ್ಕಟೆ ಹತ್ತುತ್ತಾನೆ ಅಂದರೆ ಏನೋ ಇದೆ! ಸರ್ವೆ ನಂಬರ್ ಕೇಳಿದನಾ? ಪಹಣಿ ನೋಡಿದನಾ? ಆಕ್ರಮಣದ ಭಯ ಅಂದರೆ ನಮ್ಮಲ್ಲಿ ಇದೇ.

ಮಾತಿನ ಬಗ್ಗೆ ಸ್ವಲ್ಪ. "ಭೂವಾಸಿಗಳೇ" ಅಂತ ಶುರು ಮಾಡುವವರನ್ನು ಮೊದಲು ಮನೆಗೆ ಕಳಿಸು. ಅವರು ಕನ್ನಡ ಕಲಿತದ್ದು ಎಲ್ಲಿ? ಭದ್ರಾವತಿ ಆಕಾಶವಾಣಿ ಕೇಳಿ ಅನ್ನು. ಆಗ ಬಾಯಿ ತೆರೆದರೆ "ರೈತ ಬಾಂಧವರೇ" ಅಂತ ಬರುತ್ತದೆ, ಪ್ರತಿ ಜಗಳದ ಕೊನೆಗೆ ಹವಾಮಾನ ಮುನ್ಸೂಚನೆ ಇರುತ್ತದೆ. ಒಂದು ಎಚ್ಚರಿಕೆ: ರಾತ್ರಿ ಹೊತ್ತು ರೇಡಿಯೋದ ಮಧ್ಯಮ ತರಂಗ (ಮೀಡಿಯಂ ವೇವ್) ವಾತಾವರಣದ ಮೇಲ್ಪದರವಾದ ಅಯಾನುಗೋಳಕ್ಕೆ ತಾಗಿ ವಾಪಸ್ ಬರುತ್ತದೆ, ಎಫ್ಎಂ ಅದನ್ನು ದಾಟಿ ಆಕಾಶಕ್ಕೆ ಹೋಗುತ್ತದೆ. ಆದ್ದರಿಂದ ಎಫ್ಎಂ ಕೇಳಿಸು. ಇಂಥದ್ದನ್ನು ಹಿಡಿಯುವ ಓದುಗರು ಶಿವಮೊಗ್ಗದಲ್ಲೇ ಇದ್ದಾರೆ, ಕಾರ್ಡು ಬರೆದು ಕೇಳುತ್ತಾರೆ.

ಒಂದು ಕಡೆ ಮಾತ್ರ ನನಗೆ ನಿಜವಾಗಿ ಬೇಸರವಾಯಿತು. ಹುಲ್ಲಿನ ಹೊರೆ ಹೊತ್ತು ಬರುವ ಹೆಂಗಸನ್ನು ನಿನ್ನವರು ಬೀಳಿಸಿ ಕೇಕೆ ಹಾಕುತ್ತಾರೆ. ನಕ್ಷತ್ರ ದಾಟಿ ಬಂದವರಿಗೆ ಬೀಳಿಸಲು ಅವಳೇ ಸಿಕ್ಕಿದಳಾ? ಎದುರಿನವನಿಗೂ ತಿರುಗಿಸಿ ಆಡುವ ಅವಕಾಶ ಇಲ್ಲದಿದ್ದರೆ ಅದನ್ನು ಆಟ ಅನ್ನಬೇಡ. ಮಂಗಗಳ ಆಟ ನೋಡಿ ಚಪ್ಪಾಳೆ ತಟ್ಟುವವರು ತೋಟ ಇಲ್ಲದವರು, ಅಲ್ವಾ? ಆ ಹೆಂಗಸಿನ ಕೈಗೂ ಒಂದು ಗರ ಕೊಡು. ಅವಳು ಗೆಲ್ಲಬೇಕು ಅಂತೇನಿಲ್ಲ, ಆಡಬೇಕು.

ಹಾಗೇ, ಕೊನೆಯಲ್ಲಿ ಅವರಿಂದ ಕಾಡು ಉಳಿಸಿ ಅಂತ ಭಾಷಣ ಮಾಡಿಸಿದ್ದೀಯಲ್ಲ, ಅದನ್ನು ತೆಗೆದುಬಿಡು. ಕಾಡಿನ ಮೇಲೆ ನಿನಗಿರುವ ಪ್ರೀತಿ ಬೇರೆ ಕಡೆ ಕಾಣುತ್ತದೆ.

ಒಂದು ಕಥೆ ನನ್ನ ತಲೆಯಲ್ಲಿ ಬಹಳ ದಿನದಿಂದ ಇದೆ. ನನ್ನಿಂದ ಇನ್ನು ಆಗುವುದಿಲ್ಲ, ನೀನೇ ಇಟ್ಟುಕೋ. 1977ರಲ್ಲಿ ಹೊರಟ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲೂ ಒಂದೊಂದು ಚಿನ್ನದ ಲೇಪದ ಧ್ವನಿಮುದ್ರಿಕೆ ಇದೆ. 55 ಭಾಷೆಗಳ ಶುಭಾಶಯ, ಅದರಲ್ಲಿ ಕನ್ನಡವೂ ಒಂದು. ಕನ್ನಡಿಗರೆಲ್ಲರ ಪರವಾಗಿ ಹೇಳಿದ ಪುಟ್ಟ ಶುಭಾಶಯ ಅದು. ಮೊದಲನೇ ನೌಕೆ ಈಗ 2,400 ಕೋಟಿ ಕಿಲೋಮೀಟರಿಗೂ ಆಚೆ ಇದೆ, ಅದರ ಸುದ್ದಿ ಬರಲು 23 ಗಂಟೆಗೂ ಹೆಚ್ಚು ಬೇಕು. ಇನ್ನೊಂದು ನಕ್ಷತ್ರದ ಹತ್ತಿರ ಹಾದುಹೋಗಲು ಸುಮಾರು 40,000 ವರ್ಷ. ಹಾಗಾಗಿ ನಿನ್ನವರು ಅದನ್ನು ದಾರಿಯಲ್ಲೇ ಹಿಡಿಯಬೇಕು. ಶುಭಾಶಯ ಬಂದ ಮೇಲೆ ಮುಯ್ಯಿ ತೀರಿಸದೆ ಇದ್ದರೆ ಅವರ ನಿಯಮದಲ್ಲಿ ಔಟ್. ಉಡುಗೊರೆ ಹೊತ್ತುಕೊಂಡು ಶಿವಮೊಗ್ಗಕ್ಕೆ ಬರುತ್ತಾರೆ. ಕನ್ನಡಿಗರ ಪರವಾಗಿ ತೆಗೆದುಕೊಳ್ಳುವವರು ಯಾರು? ಒಂದು ಸಮಿತಿ ಆಗಬೇಕು. ಸಮಿತಿಗೆ ಅಧ್ಯಕ್ಷರು ಆಗಬೇಕು. ಮುಂದಿನದು ನಿನಗೆ ಗೊತ್ತೇ ಇದೆ, ನೀನೂ ಇದೇ ಜಿಲ್ಲೆಯವನು.

ಚೌಕಾಬಾರದ್ದನ್ನು ಮೊದಲು ಬರೆ. ಯೂನಿಕೋಡ್‌ನಲ್ಲಿ ಕಳಿಸು, ಈ ಸಲದ ಫೈಲು ತೆರೆಯಲು ಪಕ್ಕದ ಮನೆ ಹುಡುಗನನ್ನು ಕರೆಯಬೇಕಾಯಿತು. ದೀಪಾವಳಿಗೆ ಮುಂಚೆ ಬಂದರೆ ಒಳ್ಳೆಯದು. ಆಮೇಲೆ ಅಡಿಕೆ ಕೊಯ್ಲು ಶುರುವಾಗುತ್ತದೆ, ಈ ಮನೆಯಲ್ಲಿ ಓದುವವರು ಯಾರೂ ಸಿಗುವುದಿಲ್ಲ.

ನಿನ್ನ
ಅಣ್ಣ