ಆರೋಗ್ಯ ಸಚಿವರೇ, ಐವಿಎಫ್ ಲ್ಯಾಬಿನ ಕಡತವನ್ನೂ ತೆಗೆಸಿ ನೋಡಿ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ನಾನು ಮಂಡ್ಯ ಜಿಲ್ಲೆಯವಳು. ಮದುವೆಯಾಗಿ 9 ವರ್ಷ ಮಕ್ಕಳಾಗಲಿಲ್ಲ. ಸೀಮಂತದ ಮನೆಗಳಲ್ಲಿ ಆರತಿ ತಟ್ಟೆಗೆ ಕೈ ಹಾಕಿದರೆ ಯಾರಾದರೂ ಮೆಲ್ಲಗೆ ಅದನ್ನು ಆಚೆ ಸರಿಸುತ್ತಿದ್ದರು. ಕೊನೆಗೆ 10 ಗುಂಟೆ ಕಬ್ಬಿನ ಗದ್ದೆ ಮಾರಿ, ನನ್ನ ಬಳೆ ಅಡವಿಟ್ಟು ಐವಿಎಫ್, ಅಂದರೆ ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭಕ್ಕೆ ಸೇರಿಸುವ ಚಿಕಿತ್ಸೆ, ಮಾಡಿಸಿದೆವು. ಮೊದಲ ಸಲ ನಿಲ್ಲಲಿಲ್ಲ.

ಎರಡನೇ ಸಲ ಮತ್ತೆ 11 ದಿನ ಹೊಟ್ಟೆಗೆ ಇಂಜೆಕ್ಷನ್. ಅಂಡಾಣು ತೆಗೆದ ಮಾರನೇ ದಿನ, 6 ಭ್ರೂಣ ಆಗಿವೆ ಅಂದರು. ಖುಷಿಗೆ ಅತ್ತುಬಿಟ್ಟೆ. ಅವತ್ತೇ ಸಂಜೆ ಅಲ್ಲಿನ ಸಿಬ್ಬಂದಿಯೊಬ್ಬರು ನಮ್ಮ ಅತ್ತೆಯನ್ನು ಪಕ್ಕಕ್ಕೆ ಕರೆದರು. "ಅಮ್ಮಾ, ಭ್ರೂಣದ್ದು ಒಂದು ಟೆಸ್ಟ್ ಇದೆ. ಮಾಡಿಸಿದ್ರೆ ಗಂಡೇ ಆಗೋ ಹಾಗೆ ನೋಡ್ಕೋಬಹುದು. ಎರಡೂವರೆ ಲಕ್ಷ ಜಾಸ್ತಿ ಆಗುತ್ತೆ, ಬಿಲ್ ಇರಲ್ಲ." ಅವರಿಬ್ಬರೂ ನಿಂತಿದ್ದ ಗೋಡೆಯ ಮೇಲೆ 'ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ' ಎಂಬ ಬೋರ್ಡ್ ಇತ್ತು. ನಾನು ಎದುರಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡೆ.

"ಇಷ್ಟು ಖರ್ಚು ಮಾಡಿದ್ದೀವಿ, ಇನ್ನೊಂದಿಷ್ಟು ಆಗ್ಲಿ ಕಣವ್ವ" ಅಂದರು ಅತ್ತೆ. ನಮ್ಮ ಯಜಮಾನರು ತಲೆ ತಗ್ಗಿಸಿದರು. ಬೇಡ ಅನ್ನಲಿಲ್ಲ. ಬೇಡ ಅಂದವಳು ನಾನೊಬ್ಬಳೇ. ಒಂದೇ ಒಂದು ಮಗುವಿಗಾಗಿ 9 ವರ್ಷ ಕಾದವಳು ನಾನು. ಆ ಆರರಲ್ಲಿ ಹೆಣ್ಣಾಗಿರುವುದನ್ನೆಲ್ಲ ಎಸೆದುಬಿಡಿ ಅಂತ ಯಾವ ಬಾಯಲ್ಲಿ ಹೇಳಲಿ? ಆಮೇಲೆ ತಿಂಗಳುಗಟ್ಟಲೆ ಮನೆಯಲ್ಲಿ ನನ್ನ ಜೊತೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಮಗಳು ಹುಟ್ಟಿದಳು.

ಮಗಳಿಗೆ 3 ತಿಂಗಳಾದಾಗ ಅವಳನ್ನು ಎತ್ತಿಕೊಂಡೇ ಹೋಗಿ ಜಿಲ್ಲಾ ಮಟ್ಟದ ಕಚೇರಿಗೆ ದೂರು ಕೊಟ್ಟೆ. "ರಶೀದಿ ಇದೆಯಾ? ರೆಕಾರ್ಡಿಂಗ್ ಇದೆಯಾ?" ಅಂದರು. ಬಿಲ್ಲೇ ಇಲ್ಲದ ವ್ಯವಹಾರಕ್ಕೆ ರಶೀದಿ ಎಲ್ಲಿಂದ ತರಲಿ? ಇನ್ನೊಬ್ಬರು, "ನಿಮಗೆ ಮಗು ಆಯ್ತಲ್ಲಮ್ಮಾ, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀರಿ" ಅಂದರು. ಇದಾಗಿ 14 ತಿಂಗಳು. ಒಂದು ಉತ್ತರ ಇಲ್ಲ. ಮಗಳು ಈಗ ಓಡಾಡುತ್ತಾಳೆ, ನನ್ನ ದೂರು ಕೊಟ್ಟ ಜಾಗದಲ್ಲೇ ಬಿದ್ದಿದೆ.

ಕಾನೂನು ನಿಮಗೆ ಗೊತ್ತೇ ಇದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಗೆ 2003ರಲ್ಲಿ ತಿದ್ದುಪಡಿ ಬಂದಾಗಲೇ, ಗರ್ಭ ನಿಲ್ಲುವ ಮುಂಚೆ ಗಂಡು ಹೆಣ್ಣು ಆರಿಸುವುದೂ ಅಪರಾಧವಾಯಿತು. ಇಂಥದ್ದೇ ಮಗು ಕೊಡುತ್ತೇವೆ ಅಂತ ಕ್ಲಿನಿಕ್ಕಿನವರು ಬಾಯಿ ಬಿಡುವುದೇ ತಪ್ಪು ಅನ್ನುತ್ತದೆ 2021ರ ಐವಿಎಫ್ ಕಾಯ್ದೆ. ಹಾಗಂತ ಜಾಹೀರಾತು ಕೊಟ್ಟರೆ 5ರಿಂದ 10 ವರ್ಷ ಜೈಲು, ಇಲ್ಲವೇ 10ರಿಂದ 25 ಲಕ್ಷ ದಂಡ, ಅಥವಾ ಎರಡೂ. ನಮ್ಮತ್ತೆಯ ಕಿವಿಯಲ್ಲಿ ಹೇಳಿದ್ದು ಜಾಹೀರಾತಲ್ಲದೆ ಇನ್ನೇನು?

2023ರಲ್ಲಿ ನಮ್ಮ ಮಂಡ್ಯದ ಆಲೆಮನೆಯಲ್ಲೇ ಸ್ಕ್ಯಾನಿಂಗ್ ಮೆಷಿನ್ ಸಿಕ್ಕಿತು. ಬೆಲ್ಲ ಬೇಯಿಸುವ ಜಾಗದಲ್ಲಿ ಹೊಟ್ಟೆಯೊಳಗಿನ ಹೆಣ್ಣು ಹುಡುಕುತ್ತಿದ್ದರು. ಆಗ ಇಡೀ ರಾಜ್ಯ ಬೆಚ್ಚಿಬಿತ್ತು. ನಿಮ್ಮ ಇಲಾಖೆ ಸ್ಕ್ಯಾನಿಂಗ್ ಸೆಂಟರುಗಳಿಗೆ ಹೋಯಿತು. ಒಳ್ಳೆಯದೇ ಆಯಿತು. ಆದರೆ ಐವಿಎಫ್ ಲ್ಯಾಬಿನಲ್ಲಿ ಸ್ಕ್ಯಾನಿಂಗೂ ಬೇಡ, ಗರ್ಭಪಾತವೂ ಬೇಡ. 5 ದಿನದ ಭ್ರೂಣದಿಂದ ಕೆಲವು ಜೀವಕೋಶ ತೆಗೆದು ಪರೀಕ್ಷೆ ಮಾಡುತ್ತಾರೆ. ಥಲಸ್ಸೇಮಿಯಾ, ಹಿಮೋಫಿಲಿಯಾದಂಥ, ವಂಶದಲ್ಲಿ ಬರುವ ರಕ್ತದ ಕಾಯಿಲೆ ಇರುವ ಮನೆಗಳಿಗೆ ಅದು ದೊಡ್ಡ ವರ, ಅದನ್ನು ನಿಲ್ಲಿಸಿ ಅಂತ ನಾನು ಕೇಳುತ್ತಿಲ್ಲ. ಆದರೆ ಕ್ರೋಮೋಸೋಮ್ ಎಣಿಸುವವರಿಗೆ ಎಕ್ಸ್ ಯಾವುದು, ವೈ ಯಾವುದು, ಅಂದರೆ ಭ್ರೂಣ ಹೆಣ್ಣೋ ಗಂಡೋ ಅಂತಲೂ ಕಾಣುತ್ತದೆ. ರಿಪೋರ್ಟಿನಲ್ಲಿ ಬರೆಯದಿದ್ದರೇನು, ಬಾಯಲ್ಲಿ ಹೇಳಿದರೆ ಸಾಕು, ಅಲ್ವಾ? ಹೆಣ್ಣು ಭ್ರೂಣ ಲ್ಯಾಬಿನೊಳಗೇ ಉಳಿದುಹೋಗುತ್ತದೆ. ಯಾವ ಪೊಲೀಸರಿಗೂ ಸಿಗುವುದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ, ಐವಿಎಫ್ ಲ್ಯಾಬಿನ ಕಡತ ತೆಗೆಸಿ. ಯಾವ ದಂಪತಿಗೆ ಈ ಪರೀಕ್ಷೆ ಮಾಡಿದರು, ಯಾವ ಕಾಯಿಲೆಯ ಕಾರಣ ಬರೆದರು, ಹುಟ್ಟಿದ್ದು ಗಂಡೋ ಹೆಣ್ಣೋ, ಒಟ್ಟಿಗೆ ಇಟ್ಟು ನೋಡಿ. ಪರೀಕ್ಷೆ ಮಾಡಿಸಿದ ಮನೆಗಳಲ್ಲೆಲ್ಲ ಗಂಡೇ ಹುಟ್ಟಿದ್ದರೆ ನಿಮಗೆ ಬೇರೆ ರಶೀದಿ ಯಾಕೆ ಬೇಕು?

2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 6 ವರ್ಷದೊಳಗಿನ 1000 ಗಂಡುಮಕ್ಕಳಿಗೆ ಇದ್ದದ್ದು 948 ಹೆಣ್ಣುಮಕ್ಕಳು. ಅದನ್ನು ನೀವೇ ಎಷ್ಟೋ ಸಲ ಓದಿರುತ್ತೀರಿ. ಓದಿ ಏನು ಮಾಡಿದಿರಿ ಅಂತ ಕೇಳುವಷ್ಟು ಬೇಸತ್ತಿದ್ದೇನೆ, ಕ್ಷಮಿಸಿ.

ನನ್ನ ದೂರಿನ ಪ್ರತಿ ಈ ಪತ್ರದ ಜೊತೆ ಇದೆ. 'ಪರಿಶೀಲಿಸಲಾಗುವುದು' ಎಂಬ ಉತ್ತರ ಬೇಡ. ಐವಿಎಫ್ ಲ್ಯಾಬಿನ ಕಡತ ಯಾವತ್ತು ತೆಗೆಸುತ್ತೀರಿ, ಆ ತಾರೀಖು ಹೇಳಿ.

ಇತಿ,
ಒಬ್ಬ ಮಗಳ ತಾಯಿ,
ಮಂಡ್ಯ ಜಿಲ್ಲೆ